ಮೆಷಿನ್ನಿನ ಪೆಪ್ಪರ್ಮೆಂಟು

ವಾಷಿಂಗ್ ಮೆಷಿನ್ನಿಗೆ ಹಾಕುವ, ತೆಳು ಪೊರೆಯೊಳಗೆ ಸೋಪಿನ ದ್ರವ ತುಂಬಿದ ಪುಟ್ಟ ಪಾಡ್‌ಗಳಿಗೆ ಪೆಪ್ಪರ್ಮೆಂಟು ಎಂದು ಹೆಸರಿಟ್ಟವರು ನನ್ನ ಗಂಡ. ಮೊದಲ ಡಬ್ಬಿ ತಂದವರೂ ಅವರೇ. ಇನ್ನು ಪ್ಲಾಸ್ಟಿಕ್ ಬಾಟಲಿಗಳ ಕಾಟವಿಲ್ಲ ಎಂದು ಹಿಗ್ಗಿದ್ದರು. ಮೇಲಿನ ಪೊರೆಯೂ ಪ್ಲಾಸ್ಟಿಕ್ಕಿನ ಜಾತಿಯದೇ, ಕರಗಿದ ಮಾತ್ರಕ್ಕೆ ಇಲ್ಲವಾಗುವುದಿಲ್ಲ, ಚರಂಡಿ ಸೇರುತ್ತದೆ ಎಂದು ನಾನು ಹೇಳಿದ್ದೆ.

"ಎಂ.ಎಸ್ಸಿ. ಮೇಡಂ, ಪಾಠ ಸಾಕು. ಮೆಷಿನ್‌ಗೆ ಪೆಪ್ಪರ್ಮೆಂಟು ಕೊಡಿ, ಅಳ್ತಾ ಇದೆ."

ಅವರು ತೀರಿಹೋಗಿ ಏಳು ತಿಂಗಳಾದವು. ಆ ಹೆಸರನ್ನು ನಾನೂ ಅತ್ತೆಯೂ ಬಿಡಲಿಲ್ಲ. ದಿನಕ್ಕೊಮ್ಮೆಯಾದರೂ ಅವರ ಮಾತೊಂದು ಮನೆಯಲ್ಲಿ ಕೇಳಿಸುತ್ತಿತ್ತು.

ಮಂಗಳವಾರ ಬೆಳಿಗ್ಗೆ ನಾನು ದಿಂಬಿನ ಗವಸು ಬಿಚ್ಚುತ್ತಿದ್ದೆ. ಡಬ್ಬಿಯ ಮುಚ್ಚಳ ಹಾಕಿರಲಿಲ್ಲ. ಕೈ ತೊಳೆದು ಬಂದ ಮೂರು ವರ್ಷದ ಮಗಳು ಒದ್ದೆ ಕೈಯಲ್ಲೇ ಒಂದನ್ನು ತೆಗೆದು ಕಚ್ಚಿದಳು. ಬಾಯಿಗೆ ಹೋದದ್ದು ಸ್ವಲ್ಪ. ಉಳಿದದ್ದು ಎಡಗಣ್ಣಿಗೆ ಚಿಮ್ಮಿತು.

ಅತ್ತೆ ಓಡಿಬಂದು ಅವಳ ಗಂಟಲಿಗೆ ಬೆರಳು ಹಾಕಹೋದರು.

"ವಾಂತಿ ಮಾಡಿಸ್ಬೇಡಿ ಅತ್ತೆ! ಹೊರಗೆ ಬರ್ತಾ ಇನ್ನೊಂದ್ಸಲ ಸುಡುತ್ತೆ."

"ಮತ್ತೇನ್ ಮಾಡ್ಲೇ? ಕೈಕಟ್ಕೊಂಡು ಕೂರ್ಲಾ?"

"ಬಾಯಿ ಒರೆಸಿ. ತಲೆ ಗಟ್ಟಿಯಾಗಿ ಹಿಡ್ಕೊಳ್ಳಿ."

ನಲ್ಲಿಯ ಕೆಳಗೆ ಹದಿನೈದು ನಿಮಿಷ ಕಣ್ಣು ತೊಳೆದೆ. ಗಡಿಯಾರ ನೋಡಿಕೊಂಡೇ ತೊಳೆದೆ. ಅವಳು ಕಿರುಚಿದಳು, ನನ್ನ ಕೈ ಕಚ್ಚಿದಳು. ನನಗೆ ಅಳು ಬರಲಿಲ್ಲ. ಈಗೀಗ ಬರುವುದಿಲ್ಲ. ಡಬ್ಬಿಯನ್ನೂ ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು.

ಡಾಕ್ಟರಮ್ಮ ಡಬ್ಬಿಯ ಮೇಲಿನ ಸಣ್ಣಕ್ಷರ ಓದಿ ಮಗಳತ್ತ ಬಾಗಿದರು. "ಏನ್ ತಿಂದೆ ಪುಟ್ಟಾ?"

"ಪೆಪ್ಪರ್ಮೆಂಟು."

"ಯಾರಮ್ಮ ಹಂಗಂತ ಹೇಳ್ಕೊಟ್ಟಿದ್ದು?"

"ನಾನು," ಎಂದರು ಅತ್ತೆ.

"ಇಲ್ಲ, ನಾನು," ಎಂದೆ.

ಡಾಕ್ಟರಮ್ಮ ನಮ್ಮಿಬ್ಬರನ್ನೂ ನೋಡಿದರು. "ಯಾರಾದ್ರೂ ಆಗ್ಲಿ. ಗಂಟಲಿಗೆ ಏನೂ ಆಗಿಲ್ಲ, ಪುಣ್ಯ. ಕಣ್ಣಿಂದು ಈಗ್ಲೇ ಹೇಳೋಕಾಗಲ್ಲ. ನಾಲ್ಕು ದಿನ ಹೋಗ್ಲಿ."

ಹೊರಗಿನ ಬೆಂಚಿನ ಮೇಲೆ ಕೂತು ಅತ್ತೆ ಪಿಸುಗುಟ್ಟಿದರು: "ಹೋದೋನ ಮೇಲೆ ಯಾಕೆ ತಪ್ಪು ಹಾಕೋದು ಅಂತ ಕಣೇ."

ಅವರ ಮಗ ತಮಾಷೆಗೊಂದು ಹೆಸರಿಟ್ಟಿದ್ದರು, ಅಷ್ಟೇ. ಮಗುವಿಗೆ ಕೇಳಿಸುವಂತೆ ಅದನ್ನು ಏಳು ತಿಂಗಳು ಜಪ ಮಾಡಿದವಳು ನಾನು.

ಐದನೆಯ ದಿನ ಎಡಗಣ್ಣಿಗೆ ಕಟ್ಟಿದ್ದ ಪಟ್ಟಿ ಬಿಚ್ಚಿದರು. ಡಾಕ್ಟರಮ್ಮ ಎರಡು ಬೆರಳು ಹಿಡಿದು ಕೇಳಿದರು, "ಎಷ್ಟು?"

ಮಗಳು ಕತ್ತನ್ನು ಪೂರ್ತಿ ಎಡಕ್ಕೆ ಹೊರಳಿಸಿ, ಬಲಗಣ್ಣನ್ನು ಮುಂದೆ ತಂದು, "ಎಯ್ಡು," ಎಂದಳು.

"ನನ್ನ ಜಾಣೆ!" ಎಂದರು ಅತ್ತೆ.

ಡಾಕ್ಟರಮ್ಮ ಅವಳ ಬಲಗಣ್ಣಿನ ಮೇಲೆ ಮೆಲ್ಲಗೆ ಅಂಗೈ ಇಟ್ಟರು. "ಈಗ ಹೇಳು ಚಿನ್ನ."

ಮಗಳು ನನ್ನ ದನಿ ಇದ್ದ ಕಡೆಗೆ ಕೈ ಚಾಚಿದಳು.

"ಅಮ್ಮಾ," ಎಂದಳು, "ಲೈಟ್ ಹಾಕು."