ಬೋಳು ರಾಶಿ

ಮನೆ ಮುಂದೆ ಜೀಪು ಬಂದು ನಿಂತು ಎರಡು ಸಲ ಹಾರ್ನ್ ಹೊಡೆಯಿತು.

“ಬಂದ, ಬಂದ, ತಡಿಯಪ್ಪಾ!” ಎಂದು ಅತ್ತೆ ಅಡುಗೆಮನೆಯಿಂದ ಕೂಗಿದರು.

ಆಮೇಲೆ ಪಾತ್ರೆಯ ಸದ್ದು ನಿಂತಿತು. ಹೊರಗೆ ಎಂಜಿನ್ನೂ ನಿಂತಿತು. ನನ್ನ ಗಂಡನನ್ನು ಮಣ್ಣು ಮಾಡಿ, ಉಳಿದಿದ್ದ ನೆಂಟರೂ ಹಿಂದಿನ ಸಂಜೆ ಹೊರಟುಹೋಗಿದ್ದರು. ಮನೆಯಲ್ಲಿ ನಾವಿಬ್ಬರೇ.

ಬಾಗಿಲು ತೆಗೆದೆ. ದಿನಾ ನನ್ನ ಗಂಡನನ್ನು ಕೆಲಸಕ್ಕೆ ಕರೆದೊಯ್ಯುತ್ತಿದ್ದ ಗಣಿಯ ಜೀಪ್ ಡ್ರೈವರ್ ಮೆಟ್ಟಿಲ ಕೆಳಗೆ ತಲೆ ತಗ್ಗಿಸಿ ನಿಂತಿದ್ದ.

“ತಪ್ಪಾಯ್ತು ಅಕ್ಕಾ. ಬೇರೆ ದಾರೀಲಿ ಹೋಗ್ಬೇಕು ಅಂತಾನೇ ಹೊರಟಿದ್ದೆ. ಕೈ ತಾನಾಗೇ ಈ ಕಡೆ ತಿರುಗಿಸಿಬಿಡ್ತು.”

“ಹಾರ್ನೂ ಕೈಯೇ ಹೊಡೀತಾ?” ಎಂದೆ.

ನಗಬಹುದೋ ಬೇಡವೋ ಎಂದು ಅವನು ನನ್ನ ಮುಖ ನೋಡಿದ. ನನಗೂ ಗೊತ್ತಿರಲಿಲ್ಲ.

ಗಣಿಯ ಕ್ಯಾಬಿನ್ನಿನಲ್ಲಿ ಊಟ ಮುಗಿಸಿ, ಒಂದು ಗಳಿಗೆ ಎಂದು ಮೇಜಿನ ಮೇಲೆ ತಲೆ ಇಟ್ಟ ನನ್ನ ಗಂಡ ಮತ್ತೆ ಎತ್ತಲಿಲ್ಲ. ಡಾಕ್ಟರು ಹೃದಯ ಎಂದರು. ಇಷ್ಟು ಚಿಕ್ಕ ವಯಸ್ಸಿನ ಹೃದಯಕ್ಕೆ ಏನಾಯಿತು ಎಂದು ಕೇಳಿದೆ. ನಿಂತಿತು ಎಂದರು. ಅದಕ್ಕಿಂತ ಹೆಚ್ಚಿನದು ಇವತ್ತಿಗೂ ನನಗೆ ತಿಳಿಯದು.

ಅತ್ತೆ ಕೈ ಒರೆಸಿಕೊಳ್ಳುತ್ತ ಬಂದರು. ಡ್ರೈವರನನ್ನು ನೋಡಲಿಲ್ಲ.

“ಹೇಗೂ ಜೀಪು ಬಂದಿದೆ. ಆ ಅಜ್ಜಿ ಗುದ್ದಲಿ ಬಾಗಿಲ ಹಿಂದೆ ಬಿದ್ದಿದೆ, ಕೊಟ್ಟು ಬಾಮ್ಮ. ಇಸ್ಕೊಂಡು ಹೋದವನು ಹಾಗೇ ಹೋಗ್ಬಿಟ್ಟ ಅಂತ ಅವನನ್ನ ಯಾರೂ ಆಡ್ಕೋಬಾರ್ದು.”

ಅಜ್ಜಿ ಎಂದರೆ ಗಣಿಯ ಅಂಚಿನ ಮನೆಯವಳು. ಹೊಸದಾಗಿ ಅಗೆದ ಗುಂಡಿ ಮೊದಲು ಅವಳ ಹೊಲವಾಗಿತ್ತು. ಜಾಗ ಬಿಟ್ಟುಕೊಡುವಾಗ ಅವಳು ಹಾಕಿದ ಷರತ್ತು ಒಂದೇ: “ಕಲ್ಲು ನಿಮಗೆ, ಮಣ್ಣು ನನಗೆ. ಗುಂಡಿ ಮುಚ್ಚಿದ ದಿನ ನನ್ನ ಮಣ್ಣೇ ಮೇಲೆ ಬರ್ಬೇಕು, ಕಂಡವರದಲ್ಲ.” ಕೊಡುತ್ತೇನೆಂದು ಮಾತು ಕೊಟ್ಟವನು ನನ್ನ ಗಂಡ. ಅವನ ಕೆಲಸವೇ ಅದು. ಅಗೆಯುವ ಮುಂಚೆ ನೆಲದ ಮೇಲಿನ ಕಪ್ಪು ಮಣ್ಣನ್ನು ಕೆರೆದು ಬೇರೆ ರಾಶಿ ಹಾಕಿಸುವುದು, ಅದರ ಕೆಳಗಿನ ಬಿಳಿಚು ಮಣ್ಣನ್ನು ಇನ್ನೊಂದು ರಾಶಿ, ಒಂದಕ್ಕೊಂದು ಬೆರೆಯದಂತೆ ಕಾಯುವುದು, ಕಪ್ಪು ಮಣ್ಣು ಸಾಯದಿರಲೆಂದು ಆಗಾಗ ತಿರುವಿ ಬೀಜ ಬಿತ್ತುವುದು. ಕಪ್ಪು ಎಲ್ಲಿ ಮುಗಿಯುತ್ತದೆ ಎಂದು ಯಂತ್ರದ ಮೇಲೆ ಕೂತವರಿಗೆ ಕಾಣುವುದಿಲ್ಲ. ಅವನು ಮುಂದೆ ಮುಂದೆ ಅಗೆದು ತೋರಿಸುತ್ತಿದ್ದ. ಅದಕ್ಕೇ ಆ ಗುದ್ದಲಿ. ನಾವಿಬ್ಬರೂ ಒಂದೇ ವಿಶ್ವವಿದ್ಯಾಲಯದಲ್ಲಿ ಮಣ್ಣು ಓದಿದವರು. ನಾನು ಪ್ರಯೋಗಾಲಯಕ್ಕೆ ಹೋದೆ, ಅವನು ಗಣಿಗೆ.

ಬಾಗಿಲ ಹಿಂದೆ ಗುದ್ದಲಿಗೆ ಅಡ್ಡವಾಗಿ, ಎರಡು ಸ್ಟೂಲುಗಳ ಮೇಲೆ ಒಂದು ಹಲಗೆ ಇತ್ತು. ಬಂದವರಿಗೆಲ್ಲ ಚಹಾ ಇಟ್ಟದ್ದು ಅದರ ಮೇಲೇ. ಯಾರೋ ಮೇಲೆ ಹಳೆಯ ಬಟ್ಟೆ ಹಾಸಿದ್ದರು. ಲೋಟಗಳನ್ನು ಎತ್ತಿ ಬಟ್ಟೆ ಸರಿಸಿದೆ.

ಮೇಲ್ಮಣ್ಣು. ಮುಟ್ಟಬೇ

ಅಲ್ಲಿಗೆ ಹೊಸ ಬಣ್ಣ ಮುಗಿದಿತ್ತು. ಉಳಿದ ‘ಡಿ’ ಒಂದೇ ಹಳೆಯದು, ಬಿಸಿಲಿಗೆ ಮಾಸಿದ್ದು. ಬಣ್ಣ ಹಚ್ಚಲೆಂದು ಅವನು ಮನೆಗೆ ತಂದದ್ದು ಆಗ ನೆನಪಾಯಿತು. ಇಷ್ಟು ದಿನವೂ ಇದು ಇಲ್ಲಿತ್ತು. ನಾನು ಇದರ ಮುಂದೆಯೇ ಕೂತಿದ್ದೆ.

“ರಾಶಿಗೆ ಈಗ ಬೋರ್ಡ್ ಇದೆಯಾ?” ಎಂದು ಡ್ರೈವರನನ್ನು ಕೇಳಿದೆ.

“ಯಾವ ರಾಶಿ ಅಕ್ಕಾ?”

“ಬೀಜ ಹಾಕಿದ್ನಲ್ಲ ಮೊನ್ನೆ ಮೊನ್ನೆ. ಅದು.”

“ಆ ಬೋಳು ರಾಶಿನಾ? ಅದನ್ನ ನಿನ್ನೆಯಿಂದ ರಸ್ತೆಗೆ ಎತ್ತುತ್ತಾ ಇದಾರಲ್ಲ.”

ಗುದ್ದಲಿ ತೆಗೆದುಕೊಂಡು ಜೀಪು ಹತ್ತಿದೆ. ಚಪ್ಪಲಿ ಅತ್ತೆಯದು ಎಂದು ದಾರಿಯಲ್ಲಿ ಗೊತ್ತಾಯಿತು.

ಗಣಿಯ ಗೇಟಿನಾಚೆ ಎರಡು ರಾಶಿಗಳು, ಎರಡೂ ಆಳೆತ್ತರ. ಎಡಗಡೆಯದರ ಮೇಲೆ ಮೊಣಕಾಲುದ್ದ ಕಳೆ ಬೆಳೆದು ಹಸಿರೋ ಹಸಿರು. ಅದರ ಸುತ್ತ ಹೊಸ ಹಗ್ಗ ಕಟ್ಟಿ, ಒಬ್ಬ ಕಾವಲಿನವನನ್ನೂ ಕೂರಿಸಿದ್ದರು. ಬಲಗಡೆಯದು ಬೋಳು. ಅದರ ಅರ್ಧ ಇರಲಿಲ್ಲ. ಲೋಡರ್ ಇನ್ನೊಂದು ಬಾಯಿ ತುಂಬಿಕೊಂಡು ಟಿಪ್ಪರಿಗೆ ಸುರಿಯುತ್ತಿತ್ತು.

ನನ್ನ ಗಂಡನ ಜಾಗಕ್ಕೆ ಸದ್ಯಕ್ಕೆ ಬಂದಿದ್ದ ಮೇಲ್ವಿಚಾರಕರು ಓಡಿಬಂದರು. ಕೊರಳಲ್ಲಿ ಯಾವಾಗಲೂ ಸೀಟಿ ನೇತಾಡುವುದರಿಂದ ಎಲ್ಲರ ಬಾಯಲ್ಲೂ ಅವರು ಸೀಟಿ ಸಾಹೇಬರು. ಅಂತ್ಯಕ್ರಿಯೆಯಲ್ಲಿ ಎಲ್ಲರಿಗಿಂತ ಹೆಚ್ಚು ಅತ್ತವರು ಅವರೇ.

“ಅಯ್ಯೋ ಅತ್ತಿಗೆ, ನೀವ್ಯಾಕೆ ಬರೋಕೆ ಹೋದ್ರಿ? ಹೇಳಿ ಕಳಿಸಿದ್ರೆ ನಾನೇ ಬರ್ತಿರ್ಲಿಲ್ವಾ?” ಎಂದರು. ಹಸಿರು ರಾಶಿಯ ಕಡೆ ಕೈ ತೋರಿಸಿದರು. “ನೋಡಿ, ಅವರ ರಾಶಿ. ಒಂದು ಹಿಡಿ ಮುಟ್ಟಿಸಿಲ್ಲ. ಹಗ್ಗ ನಾನೇ ಕಟ್ಟಿದೆ, ನನ್ನ ಕೈಯಾರೆ. ಅವರು ಮಾಡಿದ ಕೆಲಸಕ್ಕೆ ಅಷ್ಟೂ ಮರ್ಯಾದೆ ಕೊಡದಿದ್ರೆ ಹೇಗೆ?”

ಅವರ ಕಣ್ಣು ನಿಜವಾಗಿಯೂ ತುಂಬಿತ್ತು.

ನಾನು ಹಗ್ಗ ದಾಟಿ ಹಸಿರು ರಾಶಿಗೆ ಗುದ್ದಲಿ ಹಾಕಿದೆ. ಟಣ್ ಎಂದಿತು. ಕಳೆಯ ಬೇರಿನ ಕೆಳಗೆ ಬಿಳಿಚು ಜೇಡಿ, ಕಲ್ಲುಚೂರು. ಅಲ್ಲಿಂದ ಬೋಳು ರಾಶಿಗೆ ಬಂದೆ. ಒಣಗಿದ ಮೇಲ್ಪದರದ ಕೆಳಗೆ ಗುದ್ದಲಿ ಸದ್ದಿಲ್ಲದೆ ಇಳಿಯಿತು. ಒಂದು ಹೆಂಟೆ ಎತ್ತಿ ಅವರ ಅಂಗೈಗೆ ಹಾಕಿದೆ. ಕಪ್ಪಾಗಿತ್ತು, ತಣ್ಣಗಿತ್ತು. ಬೆರಳಲ್ಲಿ ಒತ್ತಿದರೆ ಪುಡಿಪುಡಿಯಾಯಿತು. ಒಳಗೆ ದಾರದಂಥ ಬಿಳಿ ಬೇರುಗಳು. ಅವನು ಬಿತ್ತಿದ ಬೀಜ ಬಾಯಿ ಬಿಟ್ಟು, ಮೊಳಕೆ ಇನ್ನೂ ಮೇಲೆ ಬರಲು ದಾರಿ ಹುಡುಕುತ್ತಿತ್ತು.

“ಇದನ್ನ ಈಗಷ್ಟೇ ತಿರುವಿ ಹಾಕಿದ್ದ. ಅದಕ್ಕೇ ಬೋಳು,” ಎಂದೆ.

ಸೀಟಿ ಸಾಹೇಬರು ಅಂಗೈಯನ್ನೇ ನೋಡಿದರು. ಆಮೇಲೆ ಹಗ್ಗವನ್ನು ನೋಡಿದರು. ಸೀಟಿ ಬಾಯಿಗಿಟ್ಟರು; ಗಾಳಿ ಮಾತ್ರ ಬಂತು. ಮತ್ತೊಮ್ಮೆ ಊದಿದರು. ಲೋಡರ್ ಕೈ ಎತ್ತಿದಂತೆಯೇ ನಿಂತಿತು.

“ಏನ್ ಸಾರ್?” ಎಂದು ಲೋಡರಿನವನು ಮೇಲಿಂದ ಕೂಗಿದ.

“ಕೆಳಗಿಡೋ. ನಿಧಾನ. ಸುರೀಬೇಡ, ಇಡು.”

ಅವರು ಅಲ್ಲೇ ನೆಲದ ಮೇಲೆ ಕೂತರು. “ಹಸಿರಾಗಿದ್ದದ್ದು ಒಳ್ಳೇದು ಅಂದ್ಕೊಂಡೆ ಅತ್ತಿಗೆ. ಯಾರಾದ್ರೂ ಹಾಗೇ ಅಂದ್ಕೋತಾರೆ, ಅಲ್ವಾ?”

ಯಾರಾದರೂ ಅಂದುಕೊಳ್ಳುತ್ತಾರೆ. ಅದಕ್ಕೇ ಬೋರ್ಡ್. ಆದರೆ ಬೋರ್ಡಿನ ಮೇಲೆ ನಮ್ಮ ಮನೆಯ ಲೋಟಗಳಿದ್ದವು. ಬೈಯಲು ನನಗೆ ಯಾರೂ ಸಿಗಲಿಲ್ಲ.

“ಎಲ್ಲಿಗೆ ಹೋಗಿದೆ?” ಎಂದು ಕೇಳಿದೆ.

“ಒಂದಷ್ಟು ರಸ್ತೆ ಪಕ್ಕದ ಒಡ್ಡಿಗೆ. ಉಳಿದದ್ದು ರಸ್ತೆಗೇ. ನೀರು ಹಾಕಿ ರೋಲರ್ ಹೊಡೆಸಿಬಿಟ್ಟೆ.”

“ಒಡ್ಡಿನದು ಇವತ್ತೇ ವಾಪಸ್ ತರಿಸಿ.”

“ರಸ್ತೆದು?”

  ನೀರು ಕುಡಿದು ರೋಲರಿನಡಿ ಸಿಕ್ಕ ಮಣ್ಣು ಇಟ್ಟಿಗೆಯಂತಾಗುತ್ತದೆ. ಉಸಿರಾಡುವುದಿಲ್ಲ. ಅದನ್ನು ನಾನು ಪರೀಕ್ಷೆಯಲ್ಲಿ ಚೆನ್ನಾಗಿ ಬರೆದಿದ್ದೆ.

ಅಜ್ಜಿಯ ಮನೆ ಅಲ್ಲಿಗೆ ಕಾಣುತ್ತಿತ್ತು. ನಡೆದೇ ಹೋದೆ. ಅವಳು ಹೊಸಿಲ ಬಳಿ ಡಬ್ಬಿಗಳಲ್ಲಿ ನೆಟ್ಟ ಗಿಡಗಳಿಗೆ ನೀರು ಹಾಕುತ್ತಿದ್ದಳು. ಮೊದಲು ನೋಡಿದ್ದು ನನ್ನನ್ನಲ್ಲ, ಗುದ್ದಲಿಯನ್ನು.

ಚೊಂಬು ಕೆಳಗಿಟ್ಟಳು.

“ಗುದ್ದಲಿ ತಂದ್ಯಾ?”

“ಹೌದು ಅಜ್ಜಿ.”

“ಮಣ್ಣು ಕೊಡೋ ದಿನ ಗುದ್ದಲೀನೂ ಕೊಡ್ತೀನಿ, ಎರಡೂ ಒಟ್ಟಿಗೇ ಅಂದಿದ್ದ ಆ ತರಲೆ. ಕೇಳಿದಾಗೆಲ್ಲ ಅದನ್ನೇ ಹೇಳಿ ಹಲ್ಲು ಕಿರೀತಿದ್ದ.” ಅವಳು ನನ್ನ ಹತ್ತಿರ ಬಂದಳು. “ಬರೀ ಗುದ್ದಲಿ ತಂದಿದೀಯಲ್ಲೇ ಮಗಳೇ. ನನ್ನ ಮಣ್ಣು ಹೋಯ್ತಾ?”

ಅವನು ಹಾಗೆ ಹೇಳಿದ್ದು ನನಗೆ ಗೊತ್ತಿರಲಿಲ್ಲ. ಮೇಜಿನ ಮೇಲೆ ತಲೆ ಇಟ್ಟಿದ್ದಾನೆ, ಏಳುತ್ತಿಲ್ಲ ಎಂದು ಫೋನಿನಲ್ಲಿ ಯಾರೋ ಹೇಳಿದಾಗ ಕಿವಿಯೊಳಗೆ ಒಂದು ಮೌನ ಬಂದಿತ್ತು. ಅದೇ ಮತ್ತೆ ಬಂತು. ಇಲ್ಲ, ಎಲ್ಲ ಸರಿ ಇದೆ ಅಜ್ಜಿ, ಎಂದು ಹೇಳಿಬಿಡಬಹುದಿತ್ತು. ಗುಂಡಿ ಮುಚ್ಚಲು ಇನ್ನೂ ವರ್ಷಗಳಿದ್ದವು.

“ಅರ್ಧ ಇದೆ,” ಎಂದೆ. “ಸ್ವಲ್ಪ ವಾಪಸ್ ಬರುತ್ತೆ. ಉಳಿದದ್ದು ರಸ್ತೆ ಕೆಳಗೆ ಹೋಯ್ತು. ಅದು ಬರಲ್ಲ.”

ಅವಳು ಗಣಿಯ ಕಡೆ ನೋಡುತ್ತ ನಿಂತಳು. ಬಾಯಿ ಏನೋ ಅಗಿಯುವಂತೆ ಆಡಿತು. ಆಮೇಲೆ ನನ್ನ ಕೈಯಿಂದ ಗುದ್ದಲಿ ತೆಗೆದುಕೊಂಡು, ಅದರ ಬಾಯಿಗೆ ಅಂಟಿದ್ದ ಕಪ್ಪು ಮಣ್ಣನ್ನು ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ತೆಗೆದು, ಒಂದು ಡಬ್ಬಿಯ ಗಿಡದ ಬುಡಕ್ಕೆ ಹಾಕಿದಳು. ಉಗುರಿನ ಸಂದಿಯದನ್ನೂ ಬಿಡಲಿಲ್ಲ.

“ಇರೋ ಅರ್ಧ ಯಾರು ನೋಡ್ಕೋತಾರೆ?” ಎಂದಳು.

“ನಾನು.”

ಹೇಳಿದ ಮೇಲೆಯೇ ನನಗೂ ಅದು ಗೊತ್ತಾದದ್ದು.

“ಹೂಂ,” ಎಂದು ಗುದ್ದಲಿಯನ್ನು ವಾಪಸ್ ನನ್ನ ಕೈಗೇ ಕೊಟ್ಟಳು. “ನನ್ನ ಸೊಂಟ ಬಗ್ಗಲ್ಲ. ಅಲ್ಲಿ ಇಡು.”

ಬಾಗಿಲ ಪಕ್ಕದ ಗೋಡೆಯ ಸುಣ್ಣದ ಮೇಲೆ ಗುದ್ದಲಿಯ ಕಾವಿನಷ್ಟು ಉದ್ದದ ಒಂದು ಗೆರೆ, ಕೆಳಗೆ ನೆಲದಲ್ಲಿ ಒಂದು ತಗ್ಗು. ವರ್ಷಗಟ್ಟಲೆ ಅದು ಅಲ್ಲೇ ನಿಂತಿದ್ದಿರಬೇಕು. ಗುದ್ದಲಿಯನ್ನು ಆ ತಗ್ಗಿಗೆ ಇಳಿಸಿ, ಕಾವನ್ನು ಗೆರೆಗೆ ಒರಗಿಸಿದೆ. ಸರಿಯಾಗಿ ಕೂತಿತು.