ಚಮಚದ ಸದ್ದು

ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ಕಿವಿರಾಯ ಎನ್ನುತ್ತಿದ್ದರು. ಹಾಡುವವರು ಹಾಡಿ ಹೋದ ಮೇಲೆ ಆ ದನಿ, ಈ ವಾದ್ಯ ಎಲ್ಲವನ್ನೂ ಹದವಾಗಿ ಬೆರೆಸಿಕೊಡುವುದು ಅವನ ಕೆಲಸ. ಪಕ್ಕದ ಕೋಣೆಯಲ್ಲಿ ತಂತಿಯೊಂದು ಕೂದಲೆಳೆಯಷ್ಟು ಸಡಿಲವಾದರೂ ಇಲ್ಲಿ ಕೂತ ಅವನ ಹುಬ್ಬು ಗಂಟಿಕ್ಕುತ್ತಿತ್ತು. ಅಂಥವನು ಬೆರೆಸಿದ ಹಾಡು ಈಚೆಗೆ ವಾಪಸು ಬರತೊಡಗಿತ್ತು. ಕೇಳಿದರೆ ಕಿವಿ ಚುಚ್ಚುತ್ತದೆ ಎಂಬುದು ದೂರು.

"ಇನ್ನೊಂದು ವಾಪಸ್ ಬಂದ್ರೆ ಕಷ್ಟ ಕಿವಿರಾಯ್ರೇ," ಎಂದಿದ್ದ ಮಾಲೀಕ, ಮುಖ ನೋಡದೆ. "ಆ ಜಾಗಕ್ಕೆ ಬೇರೆಯವರನ್ನ ಕೂರಿಸ್ಬೇಕಾಗುತ್ತೆ."

ತಪ್ಪು ತನ್ನದಲ್ಲ, ಮನೆಯ ಸ್ಪೀಕರಿನದು ಎಂದು ಕಿವಿರಾಯ ತೀರ್ಮಾನಿಸಿದ. ಬೆರೆಸಿದ್ದನ್ನು ಮನೆಗೆ ತಂದು, ಪುಸ್ತಕದ ಕಪಾಟಿನ ಜೋಡಿ ಸ್ಪೀಕರುಗಳಲ್ಲಿ ಒಮ್ಮೆ ಕೇಳಿದ ಮೇಲೆಯೇ ಒಪ್ಪಿಸುವುದು ಅವನ ಪದ್ಧತಿ. ಅವು ಮಂಕಾಗಿವೆ, ಅವನ್ನು ನಂಬಿ ತಾನು ಸಣ್ಣ, ಚೂಪು ದನಿಗಳನ್ನು ಏರಿಸಿದ್ದೇನೆ, ಅಷ್ಟೆ. ಸ್ಪೀಕರು ಸರಿಹೋದರೆ ಕೆಲಸವೂ ಉಳಿಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆದರೆ ಪಾಪ, ಇವನು ಕುಣಿಯಲು ಬಲ್ಲವನೇ ಆಗಿದ್ದ.

ಅವನ ಬಳಿ ಪುರಾವೆಯೂ ಇತ್ತು. ಮದುವೆಯಾದ ಹೊಸತರಲ್ಲಿ ಹೆಂಡತಿ ಅಡುಗೆಮನೆಯಲ್ಲಿ ಏನೋ ಗುನುಗುತ್ತ ಪಿಂಗಾಣಿ ಕಪ್ಪಿನಲ್ಲಿ ಸಕ್ಕರೆ ಕಲಕುತ್ತಿದ್ದದ್ದನ್ನು ಅವಳಿಗೆ ತಿಳಿಯದಂತೆ ರೆಕಾರ್ಡ್ ಮಾಡಿಕೊಂಡಿದ್ದ. ಯಾವ ಸ್ಪೀಕರು ಕೈಗೆ ಬಂದರೂ ಮೊದಲು ಅದನ್ನೇ ಹಾಕಿ ನೋಡುವುದು. ಗುನುಗು ಎಲ್ಲದರಲ್ಲೂ ಕೇಳುತ್ತದೆ. ಚಮಚ ಕಪ್ಪಿಗೆ ತಾಗುವ ಸದ್ದು ಬಂದರೆ ಸ್ಪೀಕರು ಪಾಸು. ಈಗ ಗುನುಗು ಇತ್ತು, ಚಮಚ ಇರಲಿಲ್ಲ.

ಸ್ಪೀಕರುಗಳು ಊಟದ ಮೇಜಿಗೆ ಬಂದವು. ಹಳೆಯ ಕೆಪಾಸಿಟರುಗಳನ್ನು ಕಿತ್ತು ಹೊಸವನ್ನು ಬೆಸೆದ. ಪೆಟ್ಟಿಗೆ ಒಳಗೊಳಗೇ ಗುಂಯ್‌ಗುಟ್ಟದಿರಲಿ ಎಂದು ಹತ್ತಿ ತುರುಕಿದ. ಮುಂದಿನ ಬಟ್ಟೆಯ ಮುಸುಕನ್ನೂ ತೆಗೆದ. ಚಮಚ ಬರಲಿಲ್ಲ. ಪೆಟ್ಟಿಗೆಯ ಮೇಲ್ಭಾಗದಲ್ಲಿ, ಅಂಥ ಚೂಪು ದನಿಗಳಿಗೆಂದೇ ಟ್ವೀಟರ್ ಎಂಬ ಪುಟ್ಟ ಸ್ಪೀಕರು ಇರುತ್ತದೆ. ಅದು ಅತಿಯಾಗಿ ಚೀರದಂತೆ ತಯಾರಿಸಿದವರು ಹಾಕಿದ್ದ ರೆಸಿಸ್ಟರುಗಳನ್ನೂ ಕೊನೆಗೆ ಕಿತ್ತುಹಾಕಿದ. ಅಂದಿನಿಂದ ಸ್ಪೀಕರು ಶುರುವಾದರೆ ಸಾಕು, ಹೆಂಡತಿಗೆ ಮಹಡಿಯಲ್ಲಿ ಕೆಲಸ ಹುಟ್ಟಿಕೊಳ್ಳುತ್ತಿತ್ತು.

"ಹೇಗಿದೆಯೇ?"

"ಚೆನ್ನಾಗಿದೆ ರೀ," ಎನ್ನುವಳು ಮೆಟ್ಟಿಲ ಮೇಲಿಂದಲೇ.

"ಚೆನ್ನಾಗಿದ್ರೆ ಬಂದು ಕೂತ್ಕೊಂಡು ಕೇಳು."

"ಬಟ್ಟೆ ಒಣಗಿದೆ, ತೆಗೀಬೇಕು." ಬೆಳಗ್ಗೆ ತೆಗೆದ ಬಟ್ಟೆಯನ್ನೇ ಮತ್ತೆ ತೆಗೆಯಲು ಹೋಗುತ್ತಿದ್ದಳು ಮಹಾತಾಯಿ.

ಭಾನುವಾರ ಮಧ್ಯಾಹ್ನ ಕೊನೆಯ ಪ್ರಯತ್ನಕ್ಕೆ ಕೂತ. ಮರುದಿನ ಹೊಸ ಹಾಡು ಒಪ್ಪಿಸಬೇಕಿತ್ತು. ಎರಡೂ ಟ್ವೀಟರುಗಳನ್ನು ಬಿಚ್ಚಿ, ತಂತಿಯ ತುದಿಗಳನ್ನು ಉಜ್ಜಿ ಹೊಳೆಯಿಸುತ್ತಿದ್ದಾಗ ಮಾಲೀಕನ ಫೋನು ಬಂತು.

"ನಾಳೆ ಸಿಗುತ್ತೆ ತಾನೆ?"

"ಸಿಗುತ್ತೆ ಅಂದ್ನಲ್ಲ," ಎಂದು ಸಿಡುಕಿ, ಅದೇ ಸಿಟ್ಟಿನಲ್ಲಿ ಎಲ್ಲವನ್ನೂ ಸ್ವಸ್ಥಾನದಲ್ಲಿಟ್ಟು ಸ್ಕ್ರೂ ಬಿಗಿದ. ಹಳೆಯ ರೆಕಾರ್ಡಿಂಗ್ ಹಾಕಿದ.

ಮಹಡಿಗೆ ಹೊರಟಿದ್ದ ಹೆಂಡತಿ ನಿಂತಳು. ಕುರ್ಚಿ ಎಳೆದುಕೊಂಡು ಕೂತೇಬಿಟ್ಟಳು.

"ಇವತ್ತು ಹಿತವಾಗಿದೆ ರೀ. ಹೀಗೆ ಕೂತು ಕೇಳಿ ಎಷ್ಟು ಕಾಲ ಆಯ್ತು."

ಕಿವಿರಾಯನ ಎದೆ ತುಂಬಿ ಬಂತು. ಉಸಿರು ಬಿಗಿಹಿಡಿದು ಕಿವಿಗೊಟ್ಟ. ಗುನುಗು ಏರಿ ಇಳಿಯುವಲ್ಲಿ, ಅದು ಸದಾ ಇರುತ್ತಿದ್ದ ಜಾಗದಲ್ಲೇ, ಕಪ್ಪಿನ ಅಂಚಿಗೆ ಚಮಚ ಟಿಣ್ ಎಂದಿತು. ಇನ್ನೊಮ್ಮೆ, ಟಿಣ್.

"ಚಮಚ. ಕೇಳಿಸ್ತಾ?"

ಅವಳು ಅವನ ಮುಖವನ್ನೇ ನೋಡಿದಳು. "ಹೂಂ," ಎಂದಳು. ಚಹಾ ಮಾಡುತ್ತೇನೆಂದು ಎದ್ದು ಒಳಗೆ ಹೋದಳು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಬಲು ದಿನಗಳ ಮೇಲೆ ಗೆದ್ದವನು, ಆಸೆ ಬಿಡಲಿಲ್ಲ. ಎಡಗಡೆಯದಕ್ಕೆ ಇನ್ನೊಂದಿಷ್ಟು ಹತ್ತಿ ಹಾಕಿದರೆ ಗುನುಗು ಇನ್ನೂ ತಿಳಿಯಾದೀತು ಎಂದು ಪೆಟ್ಟಿಗೆ ಬಿಚ್ಚಿದ. ಟ್ವೀಟರಿನ ತಂತಿಗಳು ಹತ್ತಿಯ ಮೇಲೆ ಬಿದ್ದಿದ್ದವು. ಫೋನಿನ ಗಡಿಬಿಡಿಯಲ್ಲಿ ಸಿಕ್ಕಿಸಲು ಮರೆತಿದ್ದ. ಬಲಗಡೆಯದನ್ನು ಬಿಚ್ಚಿದ. ಅಲ್ಲೂ ಅದೇ.

ಆ ಪೆಟ್ಟಿಗೆಗಳಿಂದ ಚಮಚದ ಸದ್ದು ಹೊರಡುವ ಮಾತೇ ಇರಲಿಲ್ಲ. ಅವನಿಗೆ ಕೇಳಿಸಿದ್ದು ಅವನ ನೆನಪು. ಹೆಂಡತಿಗೆ ಹಿತವೆನಿಸಿದ್ದು ಚೀರಾಟ ನಿಂತದ್ದು.

ಅವಳು ಚಹಾ ತಂದಾಗ ಕಿವಿರಾಯ ತಂತಿಯ ತುದಿ ಹಿಡಿದು ಕೂತಿದ್ದ.

"ನಿಂಗೆ ಚಮಚ ಕೇಳಿಸ್ಲಿಲ್ಲ, ಅಲ್ವಾ?"

"ಇಲ್ಲ."

"ಯಾವಾಗಿಂದ ಗೊತ್ತು?"

"ಅವತ್ತು ವಾಷಿಂಗ್ ಮೆಷಿನ್ ಬಟ್ಟೆ ಒಗೆದು ಮುಗಿಸಿ ಪೀಪೀ ಅಂತ ಬಡ್ಕೊಳ್ತಾ ಇತ್ತು. ನೀವು ಅದರ ಪಕ್ಕದಲ್ಲೇ ನಿಂತು, ಇದು ಯಾವಾಗ ಮುಗಿಯುತ್ತೋ ಅಂದ್ರಿ." ಅವಳು ಕಪ್ಪು ಕೆಳಗಿಟ್ಟಳು. "ಮಾರನೇ ದಿನವೇ ಇವನ್ನ ಬಿಚ್ಚೋಕೆ ಶುರು ಮಾಡಿದ್ರಿ. ಅಷ್ಟು ಆಸೆಯಿಂದ ಮಾಡ್ತಿದ್ರೆ ಹೇಗೆ ಹೇಳ್ಲಿ ನಾನು?"

ಅವನು ಬೆಸುಗೆಯ ಕಡ್ಡಿಯನ್ನು ನೋಡಿ ನಕ್ಕ. ನಗು ಅರ್ಧಕ್ಕೇ ನಿಂತಿತು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಾ ಇದ್ದೆ."

ಕಿತ್ತಿದ್ದ ರೆಸಿಸ್ಟರುಗಳನ್ನು ಹುಡುಕಿ ಮತ್ತೆ ಬೆಸೆದ. ತಂತಿಗಳನ್ನು ಸಿಕ್ಕಿಸಿ ಎರಡೆರಡು ಸಲ ಎಳೆದು ನೋಡಿದ. ರೆಕಾರ್ಡಿಂಗ್ ಹಾಕಿ, ಈ ಸಲ ಸ್ಪೀಕರಿಗೆ ಬೆನ್ನು ಕೊಟ್ಟು ಹೆಂಡತಿಯ ಎದುರು ಕೂತ.

"ನೀನೇ ಹೇಳು."

ಅವಳು ಕೇಳುತ್ತ ಕೇಳುತ್ತ ಕಣ್ಣೊರೆಸಿಕೊಂಡಳು. "ಬರ್ತಿದೆ ರೀ. ಚಮಚ ಚೆನ್ನಾಗಿ ಬರ್ತಿದೆ."

ಅವಳು ಸುಳ್ಳು ಹೇಳುತ್ತಿಲ್ಲ ಎಂಬುದು ಅವನಿಗೆ ಗೊತ್ತಾಯಿತು. ಸ್ಪೀಕರಿನಲ್ಲಿ ಏನೂ ಕೆಟ್ಟಿರಲಿಲ್ಲ. ಕೆಟ್ಟದ್ದನ್ನು ಬಿಚ್ಚಿ ಬೆಸೆಯುವ ಅಂಗಡಿ ಎಲ್ಲೂ ಇರಲಿಲ್ಲ.

ಎದ್ದು, ಜೇಬಿನಿಂದ ಸ್ಟುಡಿಯೋದ ಕೀಲಿಗೊಂಚಲು ತೆಗೆದ. ನಾಳೆ ಹಾಡಿನ ಬದಲು ಇದನ್ನೇ ಒಪ್ಪಿಸಿದರಾಯಿತು ಎಂದುಕೊಂಡು ಮೇಜಿನ ಮೇಲೆ ಎಸೆದ. ಮರಕ್ಕೆ ಏನೋ ಬಿದ್ದ ದಪ್ಪ ಸದ್ದಷ್ಟೇ ಅವನಿಗೆ ಕೇಳಿಸಿತು. ಅದು ಝಣ್ ಎಂದಿರಬೇಕು ಎಂದು ತಿಳಿದದ್ದು ಹೆಂಡತಿ ಬೆಚ್ಚಿಬಿದ್ದದ್ದನ್ನು ನೋಡಿ.