ಹರುಕು ಓದುವ ಗುಲ್ಜಾರ್ ಆಂಟಿ

ಗುಲ್ಜಾರ್ ಬೇಗಂ ಯಾರ ಮುಖವನ್ನೂ ಮೊದಲು ನೋಡುವವರಲ್ಲ. ಅಂಗಡಿಯ ಬಾಗಿಲಿಗೆ ಕಟ್ಟಿದ ಗಂಟೆ ಕಿಣಿಕ್ಕೆಂದರೆ ಅವರ ದೃಷ್ಟಿ ನೇರವಾಗಿ ಬಂದವರ ಮೊಣಕಾಲಿಗೆ ಹೋಗುತ್ತದೆ. ಅಲ್ಲಿಂದ ಪ್ಯಾಂಟಿನ ಕಾಲಂಚಿಗೆ ಇಳಿದು, ಎಳ್ಳಷ್ಟೂ ಸಂಕೋಚವಿಲ್ಲದೆ ಹಿಂಬದಿಗೆ ಒಂದು ಪ್ರದಕ್ಷಿಣೆ ಹಾಕಿ, ಸೊಂಟದ ಪಟ್ಟಿಯ ಮೇಲೆ ಕ್ಷಣಕಾಲ ವಿಶ್ರಮಿಸಿ, ಇನ್ನೂ ವ್ಯವಧಾನ ಉಳಿದಿದ್ದರೆ ಕೊನೆಗೆ ಮುಖಕ್ಕೆ ಬರುತ್ತದೆ. ಹನ್ನೊಂದು ವರ್ಷದ ಹಿಂದೆ, ಆಕ್ಲೆಂಡಿಗೆ ಬಂದ ಹೊಸತರಲ್ಲಿ, ಹೊಲಿಗೆ ಬಿಚ್ಚಿದ ಪ್ಯಾಂಟು ಹಿಡಿದು ನಾನು ಅಲ್ಲಿಗೆ ಹೋದಾಗಲೂ ಹೀಗೆಯೇ ಆಯಿತು. ನಾನು ರಘುನಾಥ್, ಮೈಸೂರಿನವನು ಎಂದು ಹೇಳಿ ಮುಗಿಸುವ ಮೊದಲೇ ಅವರು, "ಮೊಣಕಾಲು ಹೊಸಾದೈತಿ, ಕುಂಡ್ರೋ ಜಾಗ ಸವದೈತಿ. ಕಂಪ್ಯೂಟರ್ ಮಂದಿ ಹೌದಲ್ರೀ?" ಎಂದು ನನ್ನ ಜಾತಕ ಬರೆದು ಕೈಗಿಟ್ಟಿದ್ದರು.

ಊರಂಚಿನ ಹೆಂಡರ್ಸನ್ ಎಂಬ ಬಡಾವಣೆಯ ಪೇಟೆಬೀದಿಯಲ್ಲಿ, ಇಲ್ಲಿಯವರು ಡೇರಿ ಎಂದು ಕರೆಯುವ ಕಿರಾಣಿ ಅಂಗಡಿಗೂ ಮೀನು ಕರಿಯುವ ಅಂಗಡಿಗೂ ನಡುವೆ ಉಸಿರು ಬಿಗಿಹಿಡಿದು ನಿಂತಿರುವ ಹತ್ತಡಿ ಅಗಲದ ಹೊಲಿಗೆಯಂಗಡಿ ಅವರದು. ಹೊಸ ಬಟ್ಟೆ ಹೊಲಿಯುವುದಿಲ್ಲ, ರಿಪೇರಿ ಮಾತ್ರ. ಅರವತ್ತೆರಡರ ವಯಸ್ಸು, ಕುಳ್ಳು ಶರೀರ, ಹಣೆಯವರೆಗೆ ಎಳೆದುಕೊಂಡ ದುಪಟ್ಟಾ, ಎಡ ಮಣಿಕಟ್ಟಿಗೆ ಗಡಿಯಾರದ ಜಾಗದಲ್ಲಿ ಕಟ್ಟಿಕೊಂಡ ಸೂಜಿಮೆತ್ತೆ. ಗದಗಿನಲ್ಲಿ ಇಪ್ಪತ್ತೈದು ವರ್ಷ ಕಾಲುಮಿಷನ್ನು ತುಳಿದು ಬಂದವರು. ಈಗಿನದು ಕರೆಂಟಿನ ಮಿಷನ್ನಾದರೂ ಬಲಪಾದಕ್ಕೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಸುಮ್ಮನೆ ನಿಂತಾಗಲೂ ಅದು ನೆಲವನ್ನು ತುಳಿಯುತ್ತಿರುತ್ತದೆ. ನಡೆಯುವಾಗ ಪ್ರತಿ ಹೆಜ್ಜೆಯನ್ನೂ ಒಮ್ಮೆ ಒತ್ತಿ, ನೆಲ ಒಪ್ಪಿತೆಂದು ಖಾತ್ರಿಯಾದ ಮೇಲೆಯೇ ಮುಂದಿನ ಹೆಜ್ಜೆಯನ್ನು ಎತ್ತುತ್ತಾರೆ.

ಮನೆಯಲ್ಲಿ ಅವರದು ಉರ್ದು, ನನ್ನೊಡನೆ ಗದಗಿನ ಗಟ್ಟಿ ಕನ್ನಡ, ಗಿರಾಕಿಗಳೊಡನೆ ನಲವತ್ತು ಪದಗಳ ಇಂಗ್ಲಿಷು. ಆ ನಲವತ್ತರಲ್ಲಿ ಮೂವತ್ತು ಗುಂಡಿ, ಜಿಪ್ಪು, ಅಸ್ತರುಗಳಿಗೆ ಸಂಬಂಧಪಟ್ಟವು. ಆದರೆ ಇವೆಲ್ಲಕ್ಕಿಂತ ಹೆಚ್ಚಾಗಿ ಅವರು ಬಳಸುತ್ತಿದ್ದ ಭಾಷೆ ಬೇರೆಯೇ ಇತ್ತು. ತುಟಿಗಳ ನಡುವೆ ಸದಾ ಆರೇಳು ಗುಂಡುಸೂಜಿಗಳನ್ನು ಕಚ್ಚಿಕೊಂಡಿರುವುದರಿಂದ, ಯಾರು ಏನೇ ಕೇಳಿದರೂ ಮೂಗಿನಿಂದ ಹೊರಡುವ ಒಂದು ದೀರ್ಘವಾದ "ಹ್ಞೂಂ" ಅವರ ಉತ್ತರ. ಅದು ಒಪ್ಪಿಗೆಯೋ, ಅನುಮಾನವೋ, ನೀನಿನ್ನು ಹೊರಡು ಎಂಬ ಸೂಚನೆಯೋ ಎಂಬುದನ್ನು ಕೇಳಿದವರೇ ನಿರ್ಧರಿಸಿಕೊಳ್ಳಬೇಕು. "ಬಾಯಾಗ ಸೂಜಿ ಇದ್ದಾಗ ಅಂದಿದ್ದು ಮಾತಲ್ರೀ, ಬರೇ ಉಸುರು" ಎಂಬುದು ಅವರ ಕಾನೂನು. ಅವರನ್ನು ಕೊನೆಗೆ ಅಡಕತ್ತರಿಗೆ ಸಿಕ್ಕಿಸಿದ್ದೂ ಈ ಕಾನೂನೇ.

ಚಳಿಗಾಲ ಬಂತೆಂದರೆ ಅಂಗಡಿಗೆ ಸ್ಕೀ ಪ್ಯಾಂಟುಗಳ ಸುಗ್ಗಿ. ಹಿಮದ ಇಳಿಜಾರಿನಲ್ಲಿ ಕಾಲಿಗೆ ಎರಡು ಉದ್ದನೆಯ ಪಟ್ಟಿ ಬಿಗಿದುಕೊಂಡು ಜಾರುವ ಈ ಕ್ರೀಡೆಗಾಗಿ ಜನ ಐದು ಗಂಟೆ ಕಾರು ಓಡಿಸಿ ರುವಾಪೆಹು ಪರ್ವತಕ್ಕೆ ಹೋಗುತ್ತಾರೆ. ಮೇಲೇರುವ ಲಿಫ್ಟಿಗೆ ಪಾಸು, ಬೂಟು ಮತ್ತು ಪಟ್ಟಿಗೆ ಬಾಡಿಗೆ, ಮಲಗಲು ಹಲಗೆಮಂಚ, ತಿನ್ನಲು ಬಂಗಾರದ ಬೆಲೆಯ ಚಿಪ್ಸು, ಹಿಂದಿರುಗಿದ ಮೇಲೆ ಫಿಸಿಯೋಥೆರಪಿ, ಎಲ್ಲ ಮುಗಿದ ಮೇಲೆ ಗುಲ್ಜಾರ್ ಆಂಟಿಯ ಅಂಗಡಿ. ಈ ಖರ್ಚಿನ ಪಟ್ಟಿ ಕೇಳಿದಾಗಲೆಲ್ಲ ಅವರು ತಲೆಯಾಡಿಸಿ, "ಬೀಳಾಕ ಇಷ್ಟು ರೊಕ್ಕ ಯಾಕಪ್ಪಾ, ನಾವು ಗದಗಿನ್ಯಾಗ ಪುಕ್ಕಟೆ ಬೀಳ್ತಿದ್ವಿ" ಎನ್ನುತ್ತಿದ್ದರು. ಆದರೆ ಹರಿದ ಪ್ಯಾಂಟು ಕೈಗೆ ಬಂದಾಗ ಮಾತ್ರ ತಮಾಷೆ ನಿಂತುಹೋಗುತ್ತಿತ್ತು. ಅದನ್ನು ಮೇಜಿನ ಮೇಲೆ ಹರಡಿ, ದೀಪ ತಗ್ಗಿಸಿ, ಬೆರಳಿನಿಂದ ಸವರಿ, "ನೋಡೋಣು, ಬಟ್ಟಿ ಏನ್ ಹೇಳ್ತೈತಿ" ಎನ್ನುವಾಗ ಅವರ ಮುಖದಲ್ಲಿ ನಾಡಿ ಹಿಡಿದ ವೈದ್ಯನ ಗಾಂಭೀರ್ಯ ಬರುತ್ತಿತ್ತು.

ಬಟ್ಟೆ ಬಹಳ ಹೇಳುತ್ತಿತ್ತು. ಹಿಂಬದಿ ಸವೆದಿದ್ದರೆ ಆ ಮನುಷ್ಯ ಹೆದರಿ ಹಿಂದಕ್ಕೆ ವಾಲುತ್ತಾನೆ. ಕಾಲಂಚಿನ ಒಳಮೈ ಸೀಳಿದ್ದರೆ ಪಾದಗಳನ್ನು ತೀರ ಒತ್ತಿಟ್ಟುಕೊಂಡು ತನ್ನ ಪಟ್ಟಿಯಿಂದ ತನ್ನ ಪ್ಯಾಂಟನ್ನೇ ಕುಯ್ದುಕೊಳ್ಳುತ್ತಾನೆ. ಎಡ ಸೊಂಟದಲ್ಲಿ ಮಾತ್ರ ಹರುಕಿದ್ದರೆ ಬಲಕ್ಕೆ ತಿರುಗಲು ಬರುವುದಿಲ್ಲ. ಸ್ಥಳೀಯ ಸ್ಕೀ ಕ್ಲಬ್ಬಿನ ಕಾರ್ಯದರ್ಶಿ ಗ್ರೇಮ್ ಎಂಬ ನಿವೃತ್ತ ಪ್ಲಂಬರ್ ಮೂರು ಚಳಿಗಾಲ ಸಾಲಾಗಿ ಒಂದೇ ಜಾಗ ಹರಿದುಕೊಂಡು ಬಂದಾಗ ಆಂಟಿ ತಮ್ಮ ನಲವತ್ತು ಪದಗಳನ್ನೂ ಒಟ್ಟುಗೂಡಿಸಿ, ಹಿಂದಕ್ಕೆ ವಾಲಬೇಡ, ಮುಂದಕ್ಕೆ ಬಾಗು, ಭಯವಾದಷ್ಟೂ ಮುಂದಕ್ಕೆ ಬಾಗು ಎಂದು ಗದರಿ ಕಳಿಸಿದರು. ನಾಲ್ಕನೆಯ ವರ್ಷ ಗ್ರೇಮ್ ಬಂದದ್ದು ಪ್ಯಾಂಟು ಹಿಡಿದಲ್ಲ, ಹೂಗುಚ್ಛ ಹಿಡಿದು. ನೀವು ಚಿಕ್ಕಂದಿನಲ್ಲಿ ಬಹಳ ಸ್ಕೀ ಮಾಡಿದ್ದಿರಬೇಕು, ಹಿಮಾಲಯದಲ್ಲೇನು, ಎಂದು ಅವನು ಭಕ್ತಿಯಿಂದ ಕೇಳಿದ. ಆಂಟಿಯ ಬಾಯಲ್ಲಿ ಏಳು ಸೂಜಿಗಳಿದ್ದವು.

"ಹ್ಞೂಂ," ಎಂದರು.

ಸೂಜಿ ತೆಗೆದು ನಿಜ ಹೇಳಲು ಎರಡು ಸೆಕೆಂಡು ಸಾಕಿತ್ತು. ಹೇಳಲಿಲ್ಲ. ಏಕೆ ಎಂದು ಬಹಳ ದಿನಗಳ ಮೇಲೆ ನಾನು ಕೇಳಿದಾಗ, "ಹೂವು ಚಂದಿದ್ವು ರೀ" ಎಂದು ತಲೆ ತಗ್ಗಿಸಿದರು. ಹೂವು ಬಾಡಿದರೂ ಕೀರ್ತಿ ಬಾಡಲಿಲ್ಲ. ಗದಗಿಗೂ ಹಿಮಾಲಯಕ್ಕೂ ಇರುವ ದೂರ ಹೆಂಡರ್ಸನ್ನಿನಲ್ಲಿ ಯಾರಿಗೆ ಗೊತ್ತು? ಕ್ಲಬ್ಬಿನ ನಲವತ್ತು ಮಂದಿಯೂ ಪ್ಯಾಂಟು ತಂದು ಸಲಹೆ ಕೇಳತೊಡಗಿದರು, ಹೇಳಿದಂತೆ ನಡೆದರು, ಕಡಿಮೆ ಬಿದ್ದರು. ಹೀಗೆ ಹಿಮವನ್ನು ಫ್ರಿಜ್ಜಿನಲ್ಲಿ ಬಿಟ್ಟರೆ ಇನ್ನೆಲ್ಲೂ ಕಾಣದ ಹೆಂಗಸು ಒಂಬತ್ತು ವರ್ಷ ಒಂದು ಪರ್ವತವನ್ನು ಅಂಗಡಿಯಿಂದಲೇ ಆಳಿದರು.

ಮಾಡಿದ್ದುಣ್ಣೋ ಮಹರಾಯ. ಕಳೆದ ಆಗಸ್ಟಿನಲ್ಲಿ, ಎಂದರೆ ಇಲ್ಲಿಯ ನಡುಚಳಿಗಾಲದಲ್ಲಿ, ಗ್ರೇಮ್ ಕಾಗದವೊಂದನ್ನು ತಂದು ಮೇಜಿನ ಮೇಲಿಟ್ಟ. ಕ್ಲಬ್ಬಿಗೆ ಐವತ್ತು ತುಂಬುತ್ತದೆ. ಉತ್ಸವದ ದಿನ ಮೊದಲು ಇಳಿಯುವ ಗೌರವ ಆಂಟಿಯದು. ಪಾಸು, ಬಾಡಿಗೆ, ಪ್ರಯಾಣ ಎಲ್ಲವೂ ಕ್ಲಬ್ಬಿನದು. ಆ ಸಂಜೆ ಅವರು ನನಗೆ ಫೋನು ಮಾಡಿದರು. ಮೊಣಕಾಲು ನೋವೆಂದು ಹೇಳಿ ತಪ್ಪಿಸಿಕೊಳ್ಳಿ ಆಂಟಿ, ಎಂದು ನಾನು ಲೋಕಾರೂಢಿಯ ಬುದ್ಧಿ ಹೇಳಿದೆ.

"ನಮಾಜಿಗೆ ಬಾಗೋ ಮೊಣಕಾಲದು. ಅದರ ಮ್ಯಾಲೆ ಸುಳ್ಳು ಹೇಳ್ಲೇನು?"

"ಹಾಗಾದರೆ ನಿಜ ಹೇಳಿಬಿಡಿ."

"ನಿಜ ಹೇಳಿದ್ರ ನಾಳಿಂದ ನನ್ನ ಮಾತು ಯಾರು ಕೇಳ್ತಾರ, ರಘುನಾಥ? ಹೊಲಿಗಿ ಹಾಕೋರು ಮನಿಗೊಬ್ರು ಅದಾರ. ಬಟ್ಟಿ ಓದೋದು ಹೋದ್ರ ನಂಗೇನು ಉಳೀತು?" ಎಂದರು. ಹಾಗಾದರೆ ನಾನೂ ಜೊತೆಗೆ ಬರುತ್ತೇನೆ ಎಂದೆ.

ಹೋಗುವುದೆಂದಾದ ಮೇಲೆ ಕೋಟು ಬೇಕಲ್ಲ. ಪೇಟೆಯಲ್ಲಿ ಸಿಗುವ ಸ್ಕೀ ಜಾಕೆಟ್ಟುಗಳೆಲ್ಲ ಸೊಂಟಕ್ಕೇ ಮುಗಿಯುವ ಗಿಡ್ಡ ಸಂತಾನ. ಮೊಣಕಾಲು ಮುಟ್ಟದ ಅಂಗಿಯನ್ನು ಆಂಟಿ ಜನ್ಮದಲ್ಲಿ ತೊಟ್ಟವರಲ್ಲ. ವರ್ಷಗಳಿಂದ ಗಿರಾಕಿಗಳ ಪ್ಯಾಂಟು ಮೊಟಕುಗೊಳಿಸಿದಾಗ ಉಳಿದ ತುಂಡುಗಳನ್ನೆಲ್ಲ ಕೂಡಿಸಿ, ಕೌದಿ ಹೊಲಿಯುವ ಶಿಸ್ತಿನಲ್ಲಿ ಜೋಡಿಸಿ, ಮೊಣಕಾಲಿನ ಕೆಳಗೂ ನಾಲ್ಕು ಬೆರಳು ಇಳಿಯುವ ಒಂದು ನಿಲುವಂಗಿಯನ್ನು ಸಿದ್ಧಪಡಿಸಿದರು. ಹದಿನೇಳು ಬಣ್ಣಗಳಿದ್ದವು. ಹೊರಟ ಬೆಳಿಗ್ಗೆ ಕ್ಲಬ್ಬಿನ ವ್ಯಾನಿನ ಮುಂದೆ ಅವರು ನಿಂತಾಗ ಜನ ಬಂದು ಬಂದು, ಇದು ನನ್ನ ನೀಲಿ, ಇದು ನನ್ನ ಸತ್ತ ಗಂಡನ ಕಿತ್ತಳೆ, ಎಂದು ಆ ಮೈಮೇಲೆ ತಮ್ಮ ತಮ್ಮ ಆಸ್ತಿಯನ್ನು ಗುರುತಿಸಿದರು. ಅವರು ಹಾಗೆ ಪ್ರೀತಿ ತೋರಿಸಿದಷ್ಟೂ ಆಂಟಿಯ ಮುಖ ಕಪ್ಪಿಡುತ್ತಿತ್ತು. ಜೊತೆಗೆ ಮಗಳ ಮಗಳು, ಹದಿನಾರರ ಉಮೈರಾ, ಮತ್ತು ದುಭಾಷಿಯ ಹುದ್ದೆಗೆ ನಾನು. ತೊಡೆಯ ಮೇಲೆ ಮಂಡಕ್ಕಿ ಗಿರ್ಮಿಟ್ಟಿನ ಸ್ಟೀಲ್ ಡಬ್ಬಿ ಇಟ್ಟುಕೊಂಡು ಐದು ಗಂಟೆಯ ದಾರಿಯುದ್ದಕ್ಕೂ ಅವರು ಆಡಿದ್ದು ಒಂದೇ ಮಾತು: "ಈ ವ್ಯಾನು ಕೆಡಂಗಿಲ್ಲೇನು?"

ಕೆಡಲಿಲ್ಲ. ಬೆಟ್ಟ ಎದುರಾದಾಗ ಅವರು ಕಿಟಕಿಗೆ ಹಣೆ ಒತ್ತಿ ಬಹಳ ಹೊತ್ತು ನೋಡಿದರು. ಕುಣಿಯಲಾರದವಳು ನೆಲ ಡೊಂಕೆಂದಳು ಎಂದು ನಮ್ಮ ಗಾದೆ. ಇಲ್ಲಿ ನೆಲ ನಿಜಕ್ಕೂ ಡೊಂಕು, ಡೊಂಕಾಗಿದೆಯೆಂದೇ ಜನ ಹಣ ತೆತ್ತು ಬಂದಿದ್ದರು, ಆದ್ದರಿಂದ ಆ ಸಬೂಬೂ ಉಪಯೋಗಕ್ಕೆ ಬರುವಂತಿರಲಿಲ್ಲ. ಬಾಡಿಗೆ ಕೌಂಟರಿನ ಹುಡುಗಿ ಒಂದು ಅರ್ಜಿ ಕೊಟ್ಟಳು. ತೂಕ, ಎತ್ತರ, ವಯಸ್ಸುಗಳ ಕೆಳಗೆ ಮೂರು ಚೌಕಗಳು: ಹೊಸಬರು, ನಡುವಿನವರು, ನುರಿತವರು. ಯಾವುದು ಎಂಬುದರ ಮೇಲೆ ಬೂಟು ಹಿಡಿಯುವ ಕೊಕ್ಕೆಯನ್ನು ಬಿಗಿಮಾಡುತ್ತೇವೆ, ಎಂದು ಅವಳು ವಿವರಿಸಿದಳು. ಹೊಸಬರಿಗೆ ಸಡಿಲ, ಬಿದ್ದ ಕೂಡಲೇ ಕಳಚಿಕೊಳ್ಳುತ್ತದೆ. ನುರಿತವರಿಗೆ ಬಿಗಿ, ಅಷ್ಟು ಸುಲಭಕ್ಕೆ ಕಳಚುವುದಿಲ್ಲ. ಕಳಚದಿದ್ದರೆ ಮುರಿಯುವುದು ಕಾಲು ಎಂದು ನಾನು ಕನ್ನಡದಲ್ಲಿ ಸೇರಿಸಿದೆ.

"ನಾನೀ, ಜಸ್ಟ್ ಟಿಕ್ ಬಿಗಿನರ್," ಎಂದು ಉಮೈರಾ ಕಿವಿಯಲ್ಲಿ ಪಿಸುಗುಟ್ಟಿದಳು.

ಬೆನ್ನ ಹಿಂದೆ ಗ್ರೇಮ್ ಮತ್ತು ನಲವತ್ತು ಮಂದಿ ಬ್ಯಾನರು ಹಿಡಿದು ನಿಂತಿದ್ದರು. ಆಂಟಿಯ ಬಲಪಾದ ಸಿಮೆಂಟಿನ ನೆಲವನ್ನು ಅತಿ ವೇಗದಲ್ಲಿ ತುಳಿಯುತ್ತಿತ್ತು. ಅವರು ಪೆನ್ನು ಕೆಳಗಿಟ್ಟರು. ಎಡಗೈ ಮಣಿಕಟ್ಟಿನಿಂದ ಒಂದೊಂದೇ ಗುಂಡುಸೂಜಿ ಕಿತ್ತು, ನಿಧಾನವಾಗಿ, ತುಟಿಗಳ ನಡುವೆ ಸಿಕ್ಕಿಸಿಕೊಳ್ಳತೊಡಗಿದರು. ಎಂಥ ಪ್ರಶ್ನೆಯನ್ನೂ ದಾಟಿಸಿದ ಹಳೆಯ ದೋಣಿ ಅದು. ನಾಲ್ಕನೆಯ ಸೂಜಿಗೆ ಕೌಂಟರಿನ ಹುಡುಗಿ ಗಾಬರಿಯಾಗಿ, ಬಾಯಲ್ಲಿ ಸೂಜಿ ಇಟ್ಟುಕೊಂಡು ಯಾರನ್ನೂ ಬೆಟ್ಟಕ್ಕೆ ಬಿಡುವಂತಿಲ್ಲ ಎಂದಳು.

ಆಂಟಿ ನಾಲ್ಕೂ ಸೂಜಿ ತೆಗೆದು ಮೆತ್ತೆಗೆ ಚುಚ್ಚಿದರು. ತಿರುಗಿ ನಿಂತರು. "ರಘುನಾಥ, ಹೇಳ್ರೀ ಇವರಿಗೆ. ನಾನು ಇದನ್ನ ಇವತ್ತಿನ ತನಕ ಕಾಲಿಗೆ ಹಾಕಿಲ್ಲ. ಹಿಮಾ ಅಂಬೋದನ್ನ ಇವತ್ತೇ ನೋಡಾಕತ್ತೇನಿ."

ಇಂಗ್ಲಿಷಿನಲ್ಲಿ ಅಷ್ಟು ಕಷ್ಟದ ವಾಕ್ಯವನ್ನು ನಾನು ಎಂದೂ ಆಡಿರಲಿಲ್ಲ. ಬ್ಯಾನರಿನ ಒಂದು ತುದಿ ಮೆಲ್ಲಗೆ ಕೆಳಗಿಳಿಯಿತು. ಗ್ರೇಮನ ಮುಖ ಕೆಂಪಾಯಿತು; ಒಂಬತ್ತು ವರ್ಷ ಈ ಹೆಂಗಸಿನ ಮಾತು ನಂಬಿ ಕಡಿದಾದ ಇಳಿಜಾರುಗಳಲ್ಲಿ ಮೂಗು ಮುಂದೆ ಮಾಡಿ ಧುಮುಕಿದವನು ಅವನು. ಹಾಗಾದರೆ ಮುಂದಕ್ಕೆ ಬಾಗು ಎಂದು ನನಗೆ ಹೇಳಿದ್ದು ಯಾರು, ಎಂದು ಕೇಳಿದ.

ಇದಕ್ಕೆ ಆಂಟಿಗೆ ದುಭಾಷಿ ಬೇಕಾಗಲಿಲ್ಲ. "ಯುವರ್ ಪ್ಯಾಂಟ್," ಎಂದರು. "ಐ ಓನ್ಲಿ ರೀಡ್."

ಗ್ರೇಮ್ ತನ್ನ ಪ್ಯಾಂಟನ್ನು ನೋಡಿಕೊಂಡ. ಮೊಣಕಾಲು ನೋಡಿದ, ಕತ್ತು ತಿರುಗಿಸಿ ಹಿಂಬದಿಯನ್ನೂ ನೋಡಿದ. ಒಂಬತ್ತು ವರ್ಷದಿಂದ ಅಲ್ಲಿ ಒಂದು ಹೊಲಿಗೆಯೂ ಬಿಚ್ಚಿರಲಿಲ್ಲ. ಅವನು ಪೆನ್ನು ತೆಗೆದುಕೊಂಡು ಮೊದಲನೆಯ ಚೌಕಕ್ಕೆ ಗುರುತು ಹಾಕಿ, ಆಂಟಿಗೆ ತೋಳು ನೀಡಿ, ಮೂರು ವರ್ಷದ ಮಕ್ಕಳು ಕಲಿಯುವ ಇಳಿಜಾರಿಗೆ ಕರೆದೊಯ್ದ. ನಲವತ್ತು ಮಂದಿಯೂ ಹಿಂದೆ ಹೋದರು. ಉತ್ಸವದ ಮೊದಲ ಇಳಿತ ಅಲ್ಲಿಯೇ ಆಗಲೆಂದು ತೀರ್ಮಾನವಾಯಿತು.

ಅದಾದದ್ದು ಹೀಗೆ. ಗುಲ್ಜಾರ್ ಆಂಟಿ ಒಂದು ಮಾರು ಮುಂದೆ ಜಾರಿದರು, ಭಯಪಟ್ಟರು, ಭಯಪಟ್ಟೊಡನೆ ಒಂಬತ್ತು ವರ್ಷ ಲೋಕಕ್ಕೆಲ್ಲ ಬೇಡವೆಂದದ್ದನ್ನೇ ಮಾಡಿದರು: ಹಿಂದಕ್ಕೆ ವಾಲಿದರು. ಕೊಕ್ಕೆ ಸಡಿಲವಾಗಿತ್ತು, ಪಟ್ಟಿ ಕಳಚಿಕೊಂಡಿತು; ನಯವಾದ ನಿಲುವಂಗಿ ಮಾತ್ರ ನಿಲ್ಲಲೊಲ್ಲೆನೆಂದು ಅವರನ್ನು ಕೂತ ಭಂಗಿಯಲ್ಲಿಯೇ ಹೊತ್ತು, ಮಕ್ಕಳ ನಡುವಿನಿಂದ ಹಾದು, ಇಳಿಜಾರಿನ ತುದಿಯ ಬೇಲಿಯವರೆಗೆ ರಾಜಮರ್ಯಾದೆಯಿಂದ ಕರೆದೊಯ್ದಿತು. ನಾವೆಲ್ಲ ಓಡಿ ಹೋಗುವಷ್ಟರಲ್ಲಿ ಅವರು ಎದ್ದು ನಿಂತು, ಕೋಟಿನ ಹಿಂಬದಿಯನ್ನು ಮುಂದಕ್ಕೆಳೆದುಕೊಂಡು, ಬೇಲಿಯ ಮೊಳೆಗೆ ಸಿಕ್ಕಿದ ಒಂದು ಗೇಣು ಹರುಕನ್ನು ಬೆರಳಿನಿಂದ ಸವರುತ್ತಿದ್ದರು.

"ಹಿಂದಕ್ಕ ವಾಲೇನಿ," ಎಂದರು, ಬೇರೆ ಯಾರದೋ ಪ್ಯಾಂಟು ಓದುವ ದನಿಯಲ್ಲಿ. ನಂತರ ನಕ್ಕರು. ಅವರು ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಅದುವರೆಗೆ ಆ ಜಾಗದಲ್ಲಿ ಸೂಜಿಗಳಿರುತ್ತಿದ್ದವು.

ಆ ದಿನ ಏಳು ಸಲ ಇಳಿದು ಆರು ಸಲ ಬಿದ್ದರು. ಏಳನೆಯ ಸಲ ಮೂಗು ಮುಂದೆ ಮಾಡಿ, ದುಪಟ್ಟಾದ ತುದಿಯನ್ನು ಹಲ್ಲಲ್ಲಿ ಕಚ್ಚಿ, ಮೇಲಿನಿಂದ ಕೆಳಗಿನವರೆಗೆ ನಿಂತೇ ಬಂದರು. ಮೂವತ್ತು ಗಜವಿದ್ದಿರಬಹುದು. ಹೇಗಿತ್ತು ಆಂಟಿ, ಎಂದು ಕೇಳಿದೆ. "ಉದ್ದನ ಹೊಲಿಗಿ ಇರ್ತೈತಲ್ರೀ, ಎಲ್ಲೂ ದಾರಾ ಹರಿಲಾರದ ಹೋಗ್ತೈತಲ್ಲ, ಹಂಗ," ಎಂದು ಹೇಳಿ, ಗಿರ್ಮಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ಮೊದಲ ತುತ್ತನ್ನು ಗ್ರೇಮನಿಗೆ ಕೊಟ್ಟರು. ಅವನಿಗೆ ಮೆಣಸಿನಕಾಯಿಯ ಪರಿಚಯವಿರಲಿಲ್ಲವಾಗಿ ಕಣ್ಣಲ್ಲಿ ನೀರು ಬಂತು. ಎಲ್ಲವೂ ಮೆಣಸಿನಕಾಯಿಯದೇ ಎಂದು ನಾನು ಪ್ರಮಾಣ ಮಾಡಲಾರೆ.

ಕ್ಲಬ್ಬಿನವರು ಈಗಲೂ ಪ್ಯಾಂಟು ತರುತ್ತಾರೆ, ಸಲಹೆ ಕೇಳುತ್ತಾರೆ. ಹೊಸಬರು ಯಾರಾದರೂ ನೀವು ಸ್ಕೀ ಮಾಡುತ್ತೀರಾ ಎಂದರೆ ಆಂಟಿ ಸೂಜಿಗಳನ್ನೆಲ್ಲ ತೆಗೆದು ಮೆತ್ತೆಗೆ ಚುಚ್ಚಿ, "ಒನ್ ಡೇ. ಸಿಕ್ಸ್ ಫಾಲ್," ಎಂದು ಹೇಳಿ, ಗೋಡೆಯಲ್ಲಿ ತೂಗುಹಾಕಿದ ಹದಿನೇಳು ಬಣ್ಣದ ಕೋಟಿನ ಕಡೆ ಬೆರಳು ತೋರಿಸುತ್ತಾರೆ. ಊರಿನ ಹರುಕನ್ನೆಲ್ಲ ಮುಚ್ಚುವ ಆ ಕೈ ತನ್ನ ಕೋಟಿನ ಒಂದು ಗೇಣು ಹರುಕಿಗೆ ಇಂದಿಗೂ ಸೂಜಿ ತಾಗಿಸಿಲ್ಲ.

ಇಂಥವರದೊಂದು ಕುಲವೇ ಲೋಕದಲ್ಲಿದೆ. ಮದುವೆಮನೆಯ ಸಡಗರವನ್ನು ಮರುದಿನ ಕಲೆಯಾಗಿ ಬಂದ ಸೀರೆಯಿಂದ ತಿಳಿಯುವ ಅಗಸರು, ಪರ್ವತವನ್ನು ಹರಿದ ಪ್ಯಾಂಟಿನಿಂದ ತಿಳಿಯುವ ದರ್ಜಿಗಳು. ಬೇರೆಯವರ ಸುಖಗಳೆಲ್ಲ ಇವರ ಕೈಗೆ ಬರುವುದು ಕೆಟ್ಟ ಮೇಲೆಯೇ, ರಿಪೇರಿಗೆಂದೇ. ಆದರೂ ಆ ಸುಖದ ಓರೆಕೋರೆಗಳನ್ನು ಅನುಭವಿಸಿದವರಿಗಿಂತ ಚೆನ್ನಾಗಿ ಇವರು ಬಲ್ಲರು. ಇವರ ತಿಳಿವಿನಲ್ಲಿ ನಾನು ಇದುವರೆಗೆ ಯಾವ ಕೊರತೆಯನ್ನೂ ಕಂಡಿಲ್ಲ. ಬಾಳಿನಲ್ಲಿ ಒಮ್ಮೆಯಾದರೂ ಇವರಿಗೆ ತಮ್ಮದೇ ಆದ ಒಂದು ಹರುಕು ದೊರೆಯಬೇಕು, ಅಷ್ಟೆ.